ಕೇಳುವವರಿಗೂ ಒಂದು ಬಹುಮಾನ

ಪಲ್ಲವಿ, ಚೇತನ್, ನಿಮ್ಮ ಚಿಕ್ಕಜ್ಜನಿಗೆ ಜಪಾನಿನಲ್ಲಿ ಪರಿಚಯದವರಿದ್ದಾರೆ, ಬ್ರೆಜಿಲ್ಲಿನಲ್ಲಿ ಗೆಳೆಯರಿದ್ದಾರೆ. ಹೊಸಪೇಟೆಯ ನಮ್ಮ ಎದುರುಮನೆಯವರ ಹೆಸರು ಮಾತ್ರ ಇವತ್ತಿಗೂ ಗೊತ್ತಿಲ್ಲ! ನನ್ನ ಮೈದುನನೆಂದು ಮುಚ್ಚಿಟ್ಟು ಬರೆಯಲಾರೆ.

ಆತ ಹವ್ಯಾಸಿ ರೇಡಿಯೊದವನು. ಮಾಳಿಗೆಯ ಮೇಲೆ ತಂತಿ ಕಟ್ಟಿ, ಕೆಳಗೆ ಕೂತು ದೇಶದೇಶದವರೊಡನೆ ಮಾತಾಡುತ್ತಾನೆ. ನಾನೊಮ್ಮೆ ಆ ತಂತಿಗೆ ಒದ್ದೆ ಸೀರೆ ಹರವಿದ್ದಕ್ಕೆ ಇಡೀ ಬ್ರೆಜಿಲ್ ಮಾಯವಾಗಿತ್ತಂತೆ!

ಇಂಥವರಿಗೆ ಪ್ರತಿವರ್ಷ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ನಡೆಯುತ್ತದೆ. ಕಳೆದ ವರ್ಷ ಅದರಲ್ಲಿ ಕೇಳುಗರ ವಿಭಾಗ ಶುರುವಾಯಿತು. ಮಾತಾಡಬೇಕಿಲ್ಲ, ಯಾರ್ಯಾರ ಕರೆಹೆಸರು, ಅಂದರೆ ರೇಡಿಯೊದಲ್ಲಿ ಅವರವರ ಗುರುತಿನ ಅಕ್ಷರಗಳು, ಕೇಳಿಸಿತೋ ಬರೆದು ಪಟ್ಟಿ ಕಳಿಸಿದರಾಯಿತು. ಆ ವಿಭಾಗದ ಬಹುಮಾನ, ಪ್ರಚಾರ ಎರಡನ್ನೂ ಚಿಕ್ಕಜ್ಜ ಮತ್ತು ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಆತನ ಗೆಳೆಯರೊಬ್ಬರು ಪುಕ್ಕಟೆಯಾಗಿ ಹೊತ್ತುಕೊಂಡರು. ನಮ್ಮ ಸೀಮೆಯಿಂದ ಪಟ್ಟಿಗಳು ಬಂದೇ ಬರುತ್ತವೆಂದು ಸಮಿತಿಗೆ ಮಾತೂ ಕೊಟ್ಟರು. ಒಂದಾದರೂ ಬಾರದಿದ್ದರೆ ಮರುವರ್ಷ ಆ ಕೆಲಸ ಬೇರೆಯವರ ಪಾಲು.

"ಕಟ್ಟಿಗಿ ಫಲಕ ತಗೊಂಡು ಏನ್ ಮಾಡ್ತಾರ? ಸ್ಟೀಲ್ ತಾಟು ಕೊಡೂಣು, ಉಣ್ಣಾಕರ ಆಗ್ತತಿ!" ಎಂದು ಚಿಕ್ಕಜ್ಜ ಪಾತ್ರೆ ಅಂಗಡಿಯಲ್ಲಿ, ತಾಟಿನ ಮೇಲೆ ಕೊರೆಯಬೇಕಾದದ್ದನ್ನು ಬರೆದ ಚೀಟಿ ಕೊಟ್ಟು ಬಂದ. ಲಗ್ನದ ದಿನಗಳು. ಅಂಗಡಿಯವನ ಕೈ ರೂಢಿಯಂತೆ ಓಡಿತು. ತಾಟಿನ ಮೇಲೆ ಏನಿತ್ತು ಗೊತ್ತೇ? "ಪ್ರಥಮ ಬಹುಮಾನ, ಕೇಳುಗರ ವಿಭಾಗ. ನವದಂಪತಿಗಳಿಗೆ ಶುಭಾಶಯಗಳು!"

"ಅದನ್ನ ಅಳಸೋ ಲೇ!" ಎಂದು ಚಿಕ್ಕಜ್ಜ ರೇಗಿದ.

"ಕೊರದಿದ್ದು ಅಳಸಾಕ ಬರತತೇನ್ರಿ? ಗೆದ್ದಾಂವಗ ಮದಿವಿ ಆಗಿಲ್ದಿದ್ರ ಆಗ್ಲಿ ಬಿಡ್ರಿ!"

ಇನ್ನು ಪ್ರಚಾರ. ಹಂಪಿಯಲ್ಲಿ ಬೋರ್ಡು ಹಿಡಿದು ನಿಂತರೆ ವಿದೇಶದವರು ಬಂದು ಆತನ ಜೊತೆ ಫೋಟೊ ತೆಗೆಸಿಕೊಂಡು ಹೋದರು. ಕಂಪ್ಲಿಯಲ್ಲಿ ಆಟೋಗೆ ಮೈಕು ಕಟ್ಟಿ, "ಸುಮ್ಮನ ಕುಂತು ಕೇಳ್ರಿ, ಬಹುಮಾನ ಗೆಲ್ರಿ!" ಎಂದು ಕೂಗಿದ. ಈರುಳ್ಳಿ ಗಾಡಿಯೆಂದು ಹೆಂಗಸರು ಚೀಲ ಹಿಡಿದು ಓಡಿಬಂದರು.

"ಯಣ್ಣಾ, ಉಳ್ಳಾಗಡ್ಡಿ ಹೆಂಗ ಕೆಜಿ?"

"ಉಳ್ಳಾಗಡ್ಡಿ ಅಲ್ಲಬೇ, ರೇಡಿಯೊ!"

"ಹಳೇ ರೇಡಿಯೊ ಒಯ್ತಿಯೇನು? ನಮ್ಮನ್ಯಾಗೂ ಒಂದು ಕೆಟ್ಟು ಬಿದ್ದೈತಿ, ತಡಿ."

ಸಂಜೆ ಆಟೋ ತುಂಬ ಕೆಟ್ಟ ರೇಡಿಯೊ ಹೇರಿಕೊಂಡು ಬಂದ!

ಸ್ಪರ್ಧೆಯ ಭಾನುವಾರ ಪಡಸಾಲೆಯಲ್ಲಿ ಚಾಪೆ ಹಾಸಿ, ಮಂಡಕ್ಕಿ ಒಗ್ಗರಣೆ ಮಾಡಿಟ್ಟೆ. ಅಷ್ಟೆಲ್ಲ ಕೂಗಿದ ಮೇಲೆ, ಬಂದು ಕೇಳುತ್ತೇವೆಂದು ಹೆಸರು ಕೊಟ್ಟಿದ್ದ ನಾಲ್ಕಾರು ಜನರಲ್ಲಿ ಒಬ್ಬರೂ ಬರಲಿಲ್ಲ. ಅವತ್ತು ದೊಡ್ಡ ಮುಹೂರ್ತ, ಎಲ್ಲರೂ ಲಗ್ನದ ಊಟದಲ್ಲಿ! ಸಂಡೂರಿನ ಆ ಗೆಳೆಯರೂ ಅಲ್ಲೇ ಸಿಕ್ಕಿಬಿದ್ದಿದ್ದರು. ಬಹುಮಾನ ಕೊಡುವವನೇ ಪಟ್ಟಿ ಬರೆಯುವಂತಿಲ್ಲ. ಚಿಕ್ಕಜ್ಜ ಖಾಲಿ ಚಾಪೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅತ್ತಿಗೆಮ್ಮ, ನೀವ ಕುಂದರ್ರಿ."

"ನನಗೆಲ್ಲಿ ಇಂಗ್ಲಿಷ್ ಬರತತಪ್ಪ? ಬ್ಯಾಡ."

"ಕಿವಿ ಅದಾವಿಲ್ಲ? ಕೇಳಿದಂಗ ಕನ್ನಡದಾಗ ಬರೀರಿ."

ಕೂತೆ. ಮೊದಲು ಸಾಸಿವೆ ಸಿಡಿದಂಥ ಸದ್ದು, ಅದರೊಳಗಿಂದ ಒಂದು ದನಿ. ಅವರು ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹೇಳುತ್ತಾರೆ; ಆಲ್ಫಾ, ಟ್ಯಾಂಗೊ, ಜೂಲಿಯೆಟ್ ಎಂದು ಬಂದಂತೆ ಬರೆಯುತ್ತಾ ಹೋದೆ.

"ಎಲ್ಲಾರೂ ಒಂದ ಮಾತು ಕೇಳ್ತಾರಲ್ಲ, ಏನದು?"

"ನನ್ನ ದನಿ ನಿಮಗ ಕೇಳ್ತತೇನು ಅಂತಾರ್ರಿ."

ನಿಮ್ಮ ಅಜ್ಜ ಹೋದ ಮೇಲೆ ನಾಲ್ಕು ಜನರ ನಡುವೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಮಾತು ಬಾರದವಳು ಯಾರಿಗೆ ಬೇಕು ಎಂದುಕೊಂಡಿದ್ದೆ. ಅಷ್ಟು ದೂರದವರು ಕೇಳುವವರಿಗಾಗಿ ಹುಡುಕುತ್ತಿದ್ದಾರೆಂದು ನನಗೇನು ಗೊತ್ತಿತ್ತು?

ಸಂಜೆಗೆ ಎರಡು ಹಾಳೆ ತುಂಬಿದವು. ಹೆಸರಿನ ಜಾಗದಲ್ಲಿ "ನಿಮ್ಮ ಅಣ್ಣನ ಹೆಂಡ್ತಿ ಅಂತ ಬರಿ" ಎಂದೆ.

"ಅಣ್ಣ ಎಲ್ಲಿ ಕೇಳ್ಯಾನ್ರಿ? ಕೇಳಿದಾಕಿ ನೀವು" ಎಂದು ಪೆನ್ನು ನನ್ನ ಕಡೆ ಸರಿಸಿದ. ಅತ್ತಿಗೆಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲವಲ್ಲ. ನಾನೇ ಬರೆದೆ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಆತ ಕಳಿಸಿದ.

ಕೆಲವು ವಾರಗಳ ಮೇಲೆ ಉತ್ತರ ಬಂತು. ಬಹುಮಾನವಿಲ್ಲ. ಆದರೆ ನಮ್ಮ ಸೀಮೆಯ ಆ ಒಂದೇ ಪಟ್ಟಿಯನ್ನು ಒಪ್ಪಿದ್ದರು. ಮುಂದಿನ ವರ್ಷದ ಕೆಲಸವೂ ಇವರಿಬ್ಬರದೇ. ಚಿಕ್ಕಜ್ಜ ಹಿಗ್ಗಿನಿಂದ ಗಟ್ಟಿಯಾಗಿ ಓದುತ್ತಾ ನನ್ನ ಹೆಸರನ್ನೂ ಓದಿಬಿಟ್ಟು ನಾಲಿಗೆ ಕಚ್ಚಿಕೊಂಡ.

ಎಷ್ಟು ವರ್ಷವಾಗಿತ್ತು, ಆ ಹೆಸರು ಈ ಮನೆಯಲ್ಲಿ ಕೇಳಿಸದೆ!

"ಇನ್ನೊಮ್ಮೆ ಓದಪ್ಪ" ಎಂದೆ.

ಆ ಪಟ್ಟಿಯ ನಕಲನ್ನು ಈ ಹಾಳೆಗಳಿಗೆ ಸೇರಿಸಿ ಹೊಲಿದಿದ್ದೇನೆ. ದಾರ ಬಿಚ್ಚದೆ ಒಟ್ಟಿಗೇ ಇಟ್ಟುಕೊಳ್ಳಿ, ಮಕ್ಕಳೇ.