ನಿಯೋಜನೆಯ ಮೇಲೆ ಹೋದ ಫ್ಯೂಸು

ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾದರೆ ಬೇರೆಯವರು ಹೊಸಬರನ್ನು ಹುಡುಕುತ್ತಾರೆ. ನಮ್ಮ ಸೂಪರಿಂಟೆಂಡೆಂಟರು ಪಕ್ಕದ ಕುರ್ಚಿಯವರನ್ನು ಎಬ್ಬಿಸಿ ಕೂರಿಸುತ್ತಾರೆ. ಈ ಮಹಾವಿದ್ಯೆಗೆ ನಿಯೋಜನೆ ಎಂದು ಹೆಸರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರು ಒಂದು ಹುದ್ದೆಯನ್ನೂ ಭರ್ತಿ ಮಾಡಿದ್ದಿಲ್ಲ, ಒಂದು ಕುರ್ಚಿಯನ್ನೂ ಖಾಲಿ ಬಿಟ್ಟದ್ದಿಲ್ಲ. ಒಮ್ಮೆ ಟಪಾಲಿನವನು ರಜೆ ಹಾಕಿದಾಗ ಅಲ್ಲಿಗೆ ಟೈಪಿಸ್ಟು, ಟೈಪಿಸ್ಟಿನ ಜಾಗಕ್ಕೆ ಡ್ರೈವರು ಹೋಗಿ, ಕೊನೆಗೆ ಸಾಹೇಬರೇ ಒಂದು ವಾರ ಜೀಪು ಓಡಿಸಿದರೆಂಬುದು ಇಂದಿಗೂ ಕಚೇರಿಯ ಪುರಾಣ. ಮನೆಯಲ್ಲೂ ಅದೇ ಆಡಳಿತ. ಬಚ್ಚಲಿನ ಬಲ್ಬು ನಡುಮನೆಗೆ ನಿಯೋಜನೆಗೊಂಡು ಎರಡು ವರ್ಷವಾಯಿತು. ಹೆಂಡತಿ ಟಾರ್ಚು ಹಿಡಿದು ಸ್ನಾನಕ್ಕೆ ಹೋಗುತ್ತಾರೆ.

ಇಂಥವರ ಕಾರಿನ ಎ.ಸಿ. ಒಂದು ಭಾನುವಾರ ಬೆಳಿಗ್ಗೆ ಕೈಕೊಟ್ಟಿತು.

ಕೈಕೊಡಲು ಅದು ಆರಿಸಿಕೊಂಡ ದಿನ ನೋಡಿ. ಅತ್ತೆಗೆ ಹಿಂದಿನ ದಿನ ಕಣ್ಣಿನ ಆಪರೇಷನ್ ಆಗಿತ್ತು. ಹನ್ನೊಂದಕ್ಕೆ ಆಸ್ಪತ್ರೆಯಿಂದ ಮನೆಗೆ ಕರೆತರಬೇಕು. ಕಣ್ಣಿಗೆ ಧೂಳು ತಾಗಬಾರದು, ಬೆವರು ಇಳಿಯಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಷಡ್ಡಕ ತಾನೇ ಕರೆತರುತ್ತೇನೆ ಎಂದಿದ್ದ. ಸೂಪರಿಂಟೆಂಡೆಂಟರು ಬಿಟ್ಟಾರೆಯೇ? “ಹಿರೀ ಅಳಿಯ ಇನ್ನೂ ಬದುಕಿದ್ದೀನಿ ಕಣಯ್ಯ. ನನ್ನ ಕಾರಲ್ಲಿ ಅತ್ತೆ ಬೆಟ್ಟದ ಮೇಲೆ ಕೂತ ಹಾಗೆ ತಣ್ಣಗೆ ಬರ್ತಾರೆ,” ಎಂದು ಫೋನಿನಲ್ಲೇ ಎದೆ ತಟ್ಟಿಕೊಂಡಿದ್ದರು.

ಈಗ ಗುಂಡಿ ಒತ್ತಿದರೆ ತಣ್ಣನೆಯ ಗಾಳಿಯಿಲ್ಲ. ತಿರುಗಿಸಿ ಹೀಟರ್ ಹಾಕಿದರೆ ಬಿಸಿ ಗಾಳಿಯೂ ಇಲ್ಲ. ಒಳಗಿನ ಫ್ಯಾನು ಉಸಿರೇ ಎತ್ತಲಿಲ್ಲ. ಸೆಕೆ ತಾಳದೆ ನಾಲ್ಕೂ ಕಿಟಕಿ ಇಳಿಸಿ, ಕೈಪಿಡಿ ತೊಡೆಯ ಮೇಲೆ ಹರಡಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದರು. ಫ್ಯೂಸಿನ ಪೆಟ್ಟಿಗೆ ಸಿಕ್ಕಿತು. ಫ್ಯಾನಿನ ಜಾಗದಲ್ಲಿದ್ದ ಹಸಿರು ಫ್ಯೂಸು ಸುಟ್ಟು ಕರಕಲಾಗಿತ್ತು.

“ಸಿಕ್ಕಿಬಿದ್ದ ಕಳ್ಳ,” ಎಂದು ಅದನ್ನು ಎತ್ತಿ ಹಿಡಿದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದರು. “ರೀ, ಭಾನುವಾರ ಸ್ಪೇರ್ ಪಾರ್ಟ್ಸ್ ಅಂಗಡಿ ಹತ್ತಕ್ಕೇ ಮುಚ್ತಾರೆ. ಈಗಲೇ ಹೋಗಿ ಹೊಸದು ತನ್ನಿ.”

“ಹೊಸ ನೇಮಕಾತಿನಾ? ಪೆಟ್ಟಿಗೆ ತುಂಬಾ ಸಿಬ್ಬಂದಿ ಕೂತಿದ್ದಾರೆ, ನೋಡು. ಇಲ್ಲೊಬ್ಬ ಇದ್ದಾನೆ. ಅದೇ ಹಸಿರು, ಅದೇ ಮೂವತ್ತು ಆಂಪ್ಸ್ ದರ್ಜೆ.”

“ಅವನು ಅಲ್ಲೇನು ಮಾಡ್ತಿದ್ದಾನೆ?”

“ಅಂಥ ಕೆಲಸ ಏನಿರುತ್ತೆ? ಸುಮ್ನೆ ಕೂತಿರ್ತಾನೆ.”

“ಹಳೇದು ಯಾಕೆ ಸುಟ್ಟುಹೋಯ್ತು ಅಂತಾದರೂ ನೋಡಿದ್ರಾ?”

“ಅದು ಬೇರೆ ವಿಭಾಗದ ವಿಷಯ.”

ಫ್ಯೂಸು ಅಧಿಕಾರ ವಹಿಸಿಕೊಂಡಿತು. ಫ್ಯಾನು ಒಮ್ಮೆ ಮುಲುಕಿ, ಕೆಮ್ಮಿ, ಬುಸ್ಸೆಂದು ತಂಗಾಳಿ ಬಿಟ್ಟಿತು. ಸೂಪರಿಂಟೆಂಡೆಂಟರು ಆ ಗಾಳಿಗೆ ಮುಖವೊಡ್ಡಿ ಷಡ್ಡಕನಿಗೆ ಫೋನು ಮಾಡಿದರು. ಕಾರು ಹೇಗೆ ನೋಡಿಕೊಳ್ಳಬೇಕೆಂದು ಹತ್ತು ನಿಮಿಷ ಬೋಧಿಸಿದರು. ಬೋಧನೆ ಮುಗಿಸಿ ಕಿಟಕಿ ಏರಿಸುವ ಗುಂಡಿ ಒತ್ತಿದರು. ಏರಲಿಲ್ಲ. ಇನ್ನೊಂದು ಒತ್ತಿದರು. ಅದೂ ಇಲ್ಲ. ಕೈಪಿಡಿಯಲ್ಲಿ ಬೆರಳಿಟ್ಟು ಹುಡುಕಿದಾಗ ತಿಳಿಯಿತು, ಸುಮ್ಮನೆ ಕೂತಿದ್ದವನು ನಾಲ್ಕೂ ಕಿಟಕಿಗಳ ಏಕೈಕ ಉಸ್ತುವಾರಿ ಎಂದು.

“ಅಷ್ಟೇ ತಾನೆ? ಅದನ್ನ ವಾಪಸ್ ಹಾಕಿ, ಕಿಟಕಿ ಏರಿಸಿ, ಆಮೇಲೆ ಮತ್ತೆ ಇಲ್ಲಿಗೆ ತನ್ನಿ,” ಎಂದರು ಹೆಂಡತಿ.

ತಮಗೆ ಹೊಳೆಯದ್ದು ಹೆಂಡತಿಗೆ ಹೊಳೆದರೆ ಅದನ್ನು ಜಾರಿಗೆ ತರಲು ಗಂಡಸಿಗೆ ಒಂದೆರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ ಫ್ಯಾನು ಗೊರ್ರೆಂದು ಹೊರಳಾಡಿ ಸ್ತಬ್ಧವಾಯಿತು. ಹೊರತೆಗೆದು ನೋಡಿದರೆ ನಿಯೋಜಿತನೂ ಕರಕಲು. ಫ್ಯಾನೇ ಎಲ್ಲೋ ಸಿಕ್ಕಿಕೊಂಡು ಭಾರ ಎಳೆಯುತ್ತಿತ್ತು. ಯಾರು ಬಂದು ಕೂತರೂ ಅದೇ ಗತಿ. ಪೆಟ್ಟಿಗೆಯಲ್ಲಿ ಮತ್ತೊಬ್ಬ ಹಸಿರಿನವನಿರಲಿಲ್ಲ.

ಗಂಟೆ ಹತ್ತೂವರೆ. ಅಂಗಡಿಯ ಶಟರು ಇಳಿದಿತ್ತು. ಮಂಚದ ಮೇಲಿನ ಎರಡು ಹೊದಿಕೆ, ಒಂದು ಬಾಗಿಲಪರದೆ, ತಮ್ಮದೇ ಪಂಚೆ, ಇವಿಷ್ಟನ್ನೂ ಕಿಟಕಿಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಸಿಕ್ಕಿಸಿದರು. ಹೆಂಡತಿಯನ್ನು ಕೂರಿಸಿಕೊಂಡು ಹೊರಟರೆ, ಮೊದಲ ತಿರುವಿನಲ್ಲೇ ಪಂಚೆ ಕಿತ್ತುಕೊಂಡು ಹಿಂದೆ ಬರುತ್ತಿದ್ದ ಸ್ಕೂಟರಿನವನ ಮುಖಕ್ಕೆ ಸುತ್ತಿಕೊಂಡಿತು. ಅವನು ಆಸ್ಪತ್ರೆಯ ಗೇಟಿನವರೆಗೂ ಬೈಯುತ್ತಲೇ ಹಿಂಬಾಲಿಸಿ, ಪಂಚೆ ಒಪ್ಪಿಸಿ ಹೋದ.

ಕಪ್ಪು ಕನ್ನಡಕದ ಅತ್ತೆಯನ್ನು ನರ್ಸಮ್ಮ ಕೈಹಿಡಿದು ಮೆಟ್ಟಿಲಿಳಿಸಿಕೊಂಡು ಬಂದರು. ಕಾರು ನೋಡಿ ಅಲ್ಲೇ ನಿಂತರು.

“ಇದರಲ್ಲಾ? ಈ ಧೂಳಲ್ಲಿ ಕಳಿಸೋಕೆ ಆಗಲ್ಲ ಸಾರ್. ಕಣ್ಣು ಕೆಟ್ಟರೆ ಯಾರು ಜವಾಬ್ದಾರಿ?”

ಸೂಪರಿಂಟೆಂಡೆಂಟರು ಹೊದಿಕೆಯ ತುದಿ ಎಳೆದು ಸರಿಮಾಡಿದರು. ಅದು ಕ್ಲಿಪ್ಪಿನ ಸಮೇತ ಕೈಗೆ ಬಂತು. ಅತ್ತೆ ಬಿಸಿಲಿನತ್ತ ಮುಖವೆತ್ತಿ, “ಏನಾಯ್ತು? ಹೊರಡೋದಿಲ್ವಾ?” ಎಂದು ಕೇಳುತ್ತಿದ್ದರು. ಮೊದಲ ಬಾರಿಗೆ ಸೂಪರಿಂಟೆಂಡೆಂಟರಿಗೆ ನಿಜವಾಗಿ ಹೆದರಿಕೆಯಾಯಿತು.

“ನೀನೇ ಏನಾದ್ರೂ ಮಾಡು,” ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರು.

“ಮನೆ ಬಿಡೋವಾಗಲೇ ಮಾಡಿ ಆಯ್ತು. ಅಲ್ಲಿ ನೋಡಿ.”

ಷಡ್ಡಕನ ಕಾರು ಕಿಟಕಿ ಮುಚ್ಚಿಕೊಂಡು, ಸದ್ದಿಲ್ಲದೆ ಒಳಗೆ ಬಂತು. ಅವನು ಇಳಿದು ಹೊದಿಕೆಗಳತ್ತ, ಪರದೆಯತ್ತ, ಪಂಚೆಯತ್ತ ಒಂದೊಂದಾಗಿ ಕಣ್ಣು ಹಾಯಿಸಿದ. “ಏನು ಭಾವ, ಮನೆ ಖಾಲಿ ಮಾಡ್ತಿದ್ದೀರಾ?” ಎಂದಷ್ಟೇ ಕೇಳಿ, ಅತ್ತೆಯನ್ನು ಮೆಲ್ಲಗೆ ಒಳಗೆ ಕೂರಿಸಿದ. ಹೆಂಡತಿಯೂ ಪಕ್ಕದಲ್ಲಿ ಹೋಗಿ ಕೂತರು.

ಅತ್ತೆಗೆ ತಂಗಾಳಿ ತಾಗಿ ಮುಖ ಅರಳಿತು. ಬಾಗಿಲು ಮುಚ್ಚುವ ಮುನ್ನ ಹೊರಗೆ ಕೈ ಚಾಚಿದರು. “ಅಳಿಯಂದ್ರೇ, ನೀವ್ಯಾಕೆ ಬಿಸಿಲಲ್ಲಿ ನಿಂತಿದ್ದೀರಿ? ಮುಂದಿನ ಸೀಟು ಖಾಲಿ ಇದೆಯಂತೆ, ಬನ್ನಿ.”

“ಬರೋಕಾಗಲ್ಲ ಅತ್ತೆ,” ಎಂದರು ಸೂಪರಿಂಟೆಂಡೆಂಟರು. “ನಮ್ಮ ಕಾರಿನ ಕಿಟಕಿ ಏರ್ತಿಲ್ಲ. ಕಾಯೋಕೆ ನನ್ನ ಬಿಟ್ರೆ ಯಾರೂ ಇಲ್ಲ.”