ಮದುವೆಯ ಕೆಂಡದ ವಿಷಯವಾಗಿ ಹೊಗೆಗಂಟೆಯವರಿಗೆ ಒಂದು ಬಹಿರಂಗ ಮನವಿ

ಜೆಮೈತಿಯಾ ಸೀಮೆ, ಲಿಥುವೇನಿಯಾ
೨೮ ಜನವರಿ ೨೦೧೮

ಶ್ರೀ ಹೊಗೆಗಂಟೆಯವರಿಗೆ,
ದೊಡ್ಡ ಸಭಾಂಗಣದ ನಡುಚಾವಣಿ, ಪುರಸಭೆಯ ಸಾಂಸ್ಕೃತಿಕ ಭವನ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಈ ಚಳಿಗೆ ತಮ್ಮ ಬ್ಯಾಟರಿ ಸೊರಗಿಲ್ಲ ತಾನೆ? ಕೋಟು ನೇತುಹಾಕುವ ಕೋಣೆಯಲ್ಲಿರುವ ತಮ್ಮ ತಂಗಿ ಎರಡನೇ ನಂಬರಿನವರು ಹೇಗಿದ್ದಾರೆ? ಮೆಟ್ಟಿಲ ಬಳಿಯ ಸೈರನ್ ರಾಯರ ಗಂಟಲು ಸರಿಹೋಯಿತೆ? ಭವನದ ಮೇಲ್ವಿಚಾರಕಿ ಶ್ರೀಮತಿ ಲೈಮುತೆಯವರ ರಕ್ತದೊತ್ತಡ, ಅವರ ತಾಯಿ ಪೆಟ್ರೋನೆಲೆ ಅಜ್ಜಿಯ ಮಂಡಿನೋವು, ಎರಡೂ ಹತೋಟಿಯಲ್ಲಿವೆಯೆಂದು ಭಾವಿಸುತ್ತೇನೆ. ಇತ್ತ ನಾವೂ ಕ್ಷೇಮ. ನನ್ನ ಅಕ್ಕ ಸ್ಕಿರ್ಮಾಂತೆಗೆ ತೊಂಬತ್ತೊಂದು ತುಂಬಿತು. ಕೆಮ್ಮೊಂದು ಬಿಟ್ಟರೆ ಅವಳಿಗೆ ಬಗ್ಗದಿರುವುದು ಇನ್ನಾವುದೂ ಇಲ್ಲ. ಅವಳ ಮೊಮ್ಮಗಳು ಮಿಂಗೈಲೆಯ ಮದುವೆ ಫೆಬ್ರವರಿ ಹತ್ತನೆಯ ತಾರೀಖು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ತಮ್ಮ ಕೆಳಗೇ ನಡೆಯಲಿದೆ. ಆ ವಿಷಯವಾಗಿಯೇ ಈ ಪತ್ರ.

ಮೊದಲಿಗೆ, ನವೆಂಬರಿನಲ್ಲಿ ನಾವು, ಚರ್ಚು ಬರುವ ಮುಂಚಿನ ಹಳೆಯ ನಂಬಿಕೆಯ ಮೂವತ್ತು ಜನ, ನಮ್ಮ ಹಿರಿಯರ ನೆನಪಿಗೆಂದು ಆ ಸಭಾಂಗಣದಲ್ಲಿ ಸೇರಿದ್ದಾಗ ತಾವು ತೋರಿದ ಭಕ್ತಿಗೆ ನನ್ನ ಅನಂತ ವಂದನೆಗಳು. ಕಲ್ಲಿನ ಬೋಗುಣಿಯಲ್ಲಿ, ಅದೂ ಸಾರಿನ ಪಾತ್ರೆಗಿಂತ ದೊಡ್ಡದಲ್ಲದ್ದರಲ್ಲಿ, ಬೆಂಕಿತಾಯಿ ಗಬಿಯಾಳನ್ನು ಎಬ್ಬಿಸಿ, ಒಂದು ಚಿಟಿಕೆ ಉಪ್ಪು ಹಾಕಿ, ಅಕ್ಕ ಹಾಡಿನ ಮೊದಲ ಸಾಲು ಎತ್ತುವಷ್ಟರಲ್ಲಿ, ಹೊಗೆ ಮೂಗಿಗೆ ಬಡಿದು, ತಾವೇ ದನಿಗೂಡಿಸಿದಿರಿ. ನಮ್ಮ ಮೇಳದಲ್ಲಿ ಅಷ್ಟು ಎತ್ತರದ ಸ್ವರ ಹಿಡಿಯುವವರು ಯಾರೂ ಇಲ್ಲ. ಒಂದೇ ಉಸಿರಿನಲ್ಲಿ ಹನ್ನೆರಡು ನಿಮಿಷ ಹಾಡಿದಿರಿ. ತಮ್ಮ ಒಂದು ಕರೆಗೆ ಇಡೀ ಭವನವೇ ಎದ್ದು, ಕೋಟನ್ನೂ ಮರೆತು, ಹಿಮದಲ್ಲಿ ಹೋಗಿ ನಿಂತಿತು. ನಾನು ಎಂಬತ್ತಮೂರು ವರ್ಷ ಬದುಕಿದ್ದೇನೆ, ಯಾವ ಪಂಥದ ಯಾವ ಗುರುವಿನ ಮಾತನ್ನೂ ಈ ಊರಿನ ಜನ ಅಷ್ಟು ಬೇಗ ಕೇಳಿದ್ದನ್ನು ನೋಡಿಲ್ಲ.

ತಾವು ಕರೆದ ಅತಿಥಿಗಳೂ ಬಂದರು. ಅಗ್ನಿಶಾಮಕ ದಳದ ಮುಖ್ಯಸ್ಥ ವಿಲ್ತೌತಸ್, ಅವನ ಹಿಂದೆ ಇಬ್ಬರು, ಅವರ ಹಿಂದೆ ಒಂದು ಉದ್ದನೆಯ ಪೈಪು. ಎಲ್ಲರೂ ಹೊರಗೆ ಹೋಗಿದ್ದರೂ ಗಾಲಿಕುರ್ಚಿಯ ಅಕ್ಕ ಮಾತ್ರ ಬೋಗುಣಿಯ ಪಕ್ಕ ಅಲ್ಲಾಡದೆ ಕೂತಿದ್ದಳು. ಕುರ್ಚಿಯ ಹಿಡಿ ಹಿಡಿದು ನಾನು ನಿಂತಿದ್ದೆ.

“ಅಜ್ಜಿ, ಪಕ್ಕಕ್ಕೆ ಸರೀರಿ, ನೀರು ಬಿಡ್ತೀವಿ,” ಎಂದ ವಿಲ್ತೌತಸ್.

“ಬಿಟ್ಟು ನೋಡು! ನಿಮ್ಮಮ್ಮ ಮಲಗಿರೋವಾಗ ಅವಳ ಮುಖಕ್ಕೆ ನೀರು ಹೊಯ್ತೀಯೇನೋ? ಇವಳನ್ನ ಆರಿಸೋದಲ್ಲ, ಮಲಗಿಸೋದು.”

“ಮಲಗಿಸೋದಾ? ಎಷ್ಟು ಹೊತ್ತಾಗುತ್ತೆ?”

“ಮೂರು ನುಡಿಯ ಹಾಡು. ನೀನು ಆ ಚಾವಣಿ ಮೇಲಿನವನ ಬಾಯಿ ಮುಚ್ಚಿಸಿದ್ರೆ ಎರಡರಲ್ಲೇ ಮುಗಿಸ್ತೀನಿ.”

ಪೈಪಿಗೆ ನಲ್ಲಿ ಹುಡುಕಾಡುತ್ತಿದ್ದ ಒಬ್ಬ ದಳದವನು ಬೋಗುಣಿಯ ಪಕ್ಕದ ಬಟ್ಟಲನ್ನು ಕಂಡು, “ಸಾರ್, ಇಲ್ಲೇ ನೀರಿದೆ!” ಎಂದು ಅದನ್ನೆತ್ತಿದ. “ಇಡೋ ಕೆಳಗೆ! ಅದು ಅವಳು ಎದ್ದಾಗ ಮುಖ ತೊಳಿಯೋಕೆ!” ಎಂದು ಅಕ್ಕ ಗದರಿದ ರಭಸಕ್ಕೆ, ಅವನು ಬಟ್ಟಲನ್ನು ಇಟ್ಟಿದ್ದಲ್ಲದೆ ಕ್ಷಮಿಸಿ ಎಂದು ಬೆಂಕಿಗೇ ಹೇಳಿಬಿಟ್ಟ.

ಆಗ ವಿಲ್ತೌತಸ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಮಂಡಿಯೂರಿ, ಬೂದಿಯನ್ನು ಅಂಚಿನಿಂದ ನಡುವಿಗೆ, ಮಗುವಿಗೆ ಕಂಬಳಿ ಹೊದಿಸಿದ ಹಾಗೆ, ಕೈಯಾರೆ ಎಳೆದು ಮುಚ್ಚಿದ. ಹಾಡಿನ ಎರಡನೆಯ ನುಡಿ ಅಕ್ಕನಿಗೆ ಮರೆತಿತ್ತು, ಹೇಳಿಕೊಟ್ಟವನು ಅವನೇ. “ನಮ್ಮಜ್ಜಿ ದಿನಾ ಸಾಯಂಕಾಲ ಮಾಡ್ತಿದ್ಲು. ಇದಕ್ಕೊಂದು ಧರ್ಮ ಅಂತ ಹೆಸರಿದೆ ಅನ್ನೋದು ನಂಗೊತ್ತಿರಲಿಲ್ಲ,” ಎಂದ. “ಅಲ್ಲಾ ಅಜ್ಜಿ, ಇದಕ್ಕಿಂತ ಜಾಸ್ತಿ ಹೊಗೆ ನಮ್ಮ ಠಾಣೆಯಲ್ಲಿ ಮೊಟ್ಟೆ ಹುರಿದಾಗ ಬರುತ್ತೆ.” ತಾವು ಆ ಹೊತ್ತಿಗೂ ಹಾಡುತ್ತಲೇ ಇದ್ದಿರಿ.

ಮಾನ್ಯರೇ, ತಮ್ಮ ಈ ಭಕ್ತಿ ಎಲ್ಲರ ಮೇಲೂ ಸಮನಾಗಿ ಹರಿಯುವುದಿಲ್ಲ ಎಂಬುದಷ್ಟೇ ನನ್ನ ಸಣ್ಣ ಕೊರಗು. ಕ್ರಿಸ್‌ಮಸ್ಸಿನಲ್ಲಿ ಚರ್ಚಿನ ಮೇಳದವರು ಅಲ್ಲೇ ಇನ್ನೂರು ಮೇಣದಬತ್ತಿ ಹಚ್ಚಿದರು, ಪಾದ್ರಿಗಳು ಧೂಪ ಬೀಸಿದರು. ಪಾದ್ರಿಗಳು ದೊಡ್ಡ ಮನಸ್ಸಿನವರು, ನಮ್ಮ ಜೇನು ಕೊಳ್ಳುತ್ತಾರೆ, ಆ ದಿನ ಧೂಪಕ್ಕೆ ಅವರೇ ಕೆಮ್ಮಿದರು ಕೂಡ. ತಾವು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ವಿಚಾರಿಸಿದಾಗ ತಿಳಿಯಿತು: ಭವನವನ್ನು ಬಾಡಿಗೆಗೆ ಪಡೆಯುವ ನಮೂನೆಯಲ್ಲಿ ‘ಮಾನ್ಯ ಧರ್ಮ’ ಎಂಬಲ್ಲಿ ಗುರುತು ಬಿದ್ದರೆ, ಶ್ರೀಮತಿ ಲೈಮುತೆಯವರು ಸ್ಟೂಲು ಹತ್ತಿ, ಪೊರಕೆಯ ಹಿಡಿಯಿಂದ ತಮ್ಮ ಮೂಗನ್ನು ಒತ್ತುತ್ತಾರೆ, ತಾವು ಎರಡು ಗಂಟೆ ನಿದ್ರೆ ಹೋಗುತ್ತೀರಿ. ಧರ್ಮವೆಂದು ಮಾನ್ಯತೆ ಕೋರಿದ ನಮ್ಮ ಅರ್ಜಿ ರಾಜಧಾನಿಯಲ್ಲಿ ವರ್ಷಗಳಿಂದ ಪರಿಶೀಲನೆಯಲ್ಲಿ ಇರುವುದರಿಂದ ನಮ್ಮನ್ನು ‘ಕುಣಿತ ಮತ್ತು ಇತರ ಹವ್ಯಾಸ’ದಲ್ಲಿ ಸೇರಿಸಿದ್ದಾರೆ. ಹವ್ಯಾಸಕ್ಕೆ ತಾವು ಎಚ್ಚರವಾಗಿರುತ್ತೀರಿ. ಸರ್ಕಾರ ಒಪ್ಪಿದ ಹೊಗೆ ಯಾವುದು, ಒಪ್ಪದ ಹೊಗೆ ಯಾವುದು ಎಂದು ಒಂದು ಬಿಳಿ ತಟ್ಟೆಯಷ್ಟಿರುವ ತಾವು ಮೂಸಿ ಹೇಳುವಿರಲ್ಲ, ದೊಡ್ಡ ದೊಡ್ಡ ಪಂಡಿತರಿಗೆ ಇದು ಸಾಧ್ಯವಾಗಿಲ್ಲ.

ತಪ್ಪು ನಮ್ಮದೂ ಇದೆ. ಮದುವೆಯ ನಮೂನೆಯಲ್ಲಿ ‘ಉದ್ದೇಶ’ ಎಂಬಲ್ಲಿ ಅಕ್ಕ, ಇದ್ದದ್ದನ್ನು ಇದ್ದ ಹಾಗೆ, ‘ಅಜ್ಜಿಯ ಒಲೆಯ ಗಬಿಯಾಳನ್ನು ಕರೆತಂದು, ಎಬ್ಬಿಸಿ, ಮುಖ ತೊಳೆಸಿ, ಊಟ ಮಾಡಿಸಿ, ಮಲಗಿಸಿ, ಮೊಮ್ಮಗಳ ಜೊತೆ ಕಳಿಸಿಕೊಡುವುದು’ ಎಂದು ಬರೆದಳು. ಎರಡು ದಿನಕ್ಕೆ ಪುರಸಭೆಯಿಂದ ಒಬ್ಬ ನರ್ಸಮ್ಮ ಬಂದರು. ಗಬಿಯಾ ಎಂಬ ವೃದ್ಧೆ ಹಾಸಿಗೆ ಹಿಡಿದು ಎಷ್ಟು ದಿನವಾಯಿತು, ತಾನಾಗಿ ಊಟ ಮಾಡುತ್ತಾರೆಯೆ ಎಂದು ಕೇಳಿದರು. “ಸೌದೆ ಕೊಟ್ರೆ ತಿಂತಾಳೆ,” ಎಂದಳು ಅಕ್ಕ. ನರ್ಸಮ್ಮ ಅದನ್ನೂ ಬರೆದುಕೊಂಡು ಹೋದರು.

ಆಮೇಲೆ ಶ್ರೀಮತಿ ಲೈಮುತೆಯವರೇ ಮನೆಗೆ ಬಂದು, ಬ್ಯಾಟರಿಯಿಂದ ಉರಿಯುವ ಒಂದು ಮೇಣದಬತ್ತಿಯನ್ನು ಮೇಜಿನ ಮೇಲಿಟ್ಟರು. “ಇದೂ ಥೇಟ್ ಹಾಗೇ ಅಲುಗುತ್ತೆ ಸ್ಕಿರ್ಮಾಂತೆ ಅತ್ತೆ, ನೋಡಿ,” ಎಂದರು. ಅಕ್ಕ ಅದರ ಮೇಲೆ ಚಿಟಿಕೆ ಉಪ್ಪು ಹಾಕಿ, ಕಿವಿಗೊಟ್ಟು ಕೇಳಿ, “ಚಟಪಟ ಅನ್ನಲಿಲ್ಲವಲ್ಲೇ. ಹಸಿವಿಲ್ಲ ಅನ್ಸುತ್ತೆ,” ಎಂದಳು.

ಬೆಟ್ಟದ ಮೇಲೆ ಮಾಡಬಾರದೆ ಎಂದು ತಾವು ಕೇಳಬಹುದು. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿದೆ. ಆ ಗಾಳಿಗೆ ಅಕ್ಕನ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಬೇಸಿಗೆಯವರೆಗೆ ಕಾಯೋಣ ಎಂದರೆ, ಅದೇ ಡಾಕ್ಟರು ಬೇಸಿಗೆಯ ಮಾತು ಬಂದಾಗ ಕಿಟಕಿಯ ಕಡೆ ನೋಡಿದರು. ಮನೆಯಲ್ಲಿ ಮಾಡೋಣ ಎಂದರೆ, ಅವಳ ಅಡುಗೆಮನೆಯಲ್ಲಿ ಏಳು ಜನ ಕೂತರೆ ಎಂಟನೆಯವನು ಒಲೆಯ ಮೇಲೆ ಕೂರಬೇಕು. ಆ ಒಲೆಯ ಕೆಂಡ ನಮ್ಮ ಅಮ್ಮನ ಒಲೆಯಿಂದ ಬಂದದ್ದು. ಅದನ್ನು ಅಕ್ಕ ತನ್ನ ಕೈಯಾರೆ, ಕೈ ಇನ್ನೂ ಎತ್ತಲು ಬರುವಾಗಲೇ, ಎಲ್ಲರ ಮುಂದೆ, ಹೊಸ ಮನೆಯ ಒಲೆಗೆಂದು, ಮಿಂಗೈಲೆಯ ಮಡಕೆಗೆ ಹಾಕಬೇಕು. ನಮಗೆ ಬೇಕಾದದ್ದು ಇಷ್ಟೇ.

ದಾರಿ ಇಲ್ಲದಿಲ್ಲ. ಭವನದ ಹಿಂದೆ ಅಡುಗೆಕೋಣೆ ಇದೆ, ಅಲ್ಲಿ ತಮ್ಮ ಬಂಧುಗಳು ಯಾರೂ ಇಲ್ಲ. “ನಮೂನೆಯಲ್ಲಿ ‘ಅಡುಗೆ’ ಅಂತ ಬರೆದುಬಿಡಿ ಅತ್ತೆ, ಯಾರೂ ಕೇಳಲ್ಲ,” ಎಂದು ಶ್ರೀಮತಿ ಲೈಮುತೆಯವರು ಮೆಲ್ಲಗೆ, ನಿಜವಾದ ಕನಿಕರದಿಂದಲೇ ಹೇಳಿದರು. ಅಕ್ಕ ಕುರ್ಚಿಯನ್ನು ಒಲೆಯ ಕಡೆ ತಿರುಗಿಸಿಕೊಂಡಳು.

“ಸೋವಿಯತ್ ಕಾಲದಲ್ಲಿ ಒಬ್ಬ ಅಧಿಕಾರಿ ಬಂದು ಒಲೆ ಮುಂದೆ ಏನು ಗುನುಗ್ತಿದೀಯಾ ಅಂತ ಕೇಳಿದ. ಅಮ್ಮ ‘ಅಡುಗೆ ಮಾಡ್ತಿದೀನಿ ಸ್ವಾಮಿ’ ಅಂದ್ಲು. ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು, ಅವನು ಹೋಗೋವರೆಗೂ ಸೌಟು ತಿರುವಿದ್ಲು. ನಾನು ನೋಡ್ತಾ ನಿಂತಿದ್ದೆ. ಆ ಸುಳ್ಳು ನಮ್ಮ ಮನೆಗೆ ಸಾಕಮ್ಮ. ನನ್ನ ಮೊಮ್ಮಗಳಿಗೆ ಕೆಂಡ ಕೊಡ್ತೀನಿ, ಸೌಟು ಕೊಡಲ್ಲ.”

ಶ್ರೀಮತಿ ಲೈಮುತೆಯವರು ಬ್ಯಾಟರಿ ಮೇಣದಬತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಂತಿದೆ. ಹತ್ತನೆಯ ತಾರೀಖು ಹನ್ನೊಂದರಿಂದ ಹನ್ನೊಂದೂಕಾಲರವರೆಗೆ ತಾವು ನೆಗಡಿಯ ರಜೆ ಪಡೆಯಬೇಕು. ಅದು ಆಗದಿದ್ದರೆ ತಾವು ನಮ್ಮ ನಂಬಿಕೆಯನ್ನು ಸ್ವೀಕರಿಸಬೇಕು. ದೀಕ್ಷೆಗೆ ಉಪ್ಪು ಸಾಕು. ಅದೂ ಆಗದಿದ್ದರೆ ತಾವೇ ಒಂದು ಧರ್ಮವೆಂದು ರಾಜಧಾನಿಗೆ ಅರ್ಜಿ ಹಾಕಬೇಕು: ತಮಗೆ ಅನುಯಾಯಿಗಳಿದ್ದಾರೆ, ಅಡುಗೆಕೋಣೆಯೊಂದು ಬಿಟ್ಟು ಪ್ರತಿ ಕೋಣೆಯಲ್ಲೂ ಮೂರ್ತಿಯಿದೆ, ತಿಂಗಳಿಗೊಮ್ಮೆ ಸ್ಟೂಲು ಹತ್ತಿ ಸೇವೆ ಮಾಡುವ ಅರ್ಚಕಿಯೂ ಇದ್ದಾರೆ. ಮಾನ್ಯತೆ ಸಿಕ್ಕ ದಿನ ನಾವು ತಮ್ಮ ಉಪಪಂಥದವರಾಗಿ ಅದೇ ಸಭಾಂಗಣದಲ್ಲಿ ಬೆಂಕಿ ಹೊತ್ತಿಸುತ್ತೇವೆ.

ಯಾವುದಕ್ಕೂ ಮನಸ್ಸಾಗದಿದ್ದರೆ ಹಾಡಿರಿ. ಆದರೆ ಈ ಸಲ ಯಾರೂ ಹೊರಗೆ ಹೋಗುವುದಿಲ್ಲ. ಅಗ್ನಿಶಾಮಕ ದಳಕ್ಕೆ ಕರೆ ಹೋಗುತ್ತದೆ ಎಂಬುದೂ ಗೊತ್ತು. ವಿಲ್ತೌತಸ್ ಅಂದು ರಜೆ ಹಾಕಿದ್ದಾನೆ. ಮೊದಲ ಸಾಲಿನಲ್ಲಿ, ಕಾಲ ಬಳಿ ಒಂದು ಬಕೆಟ್ ಮರಳಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿರುತ್ತಾನೆ. ಎರಡನೆಯ ನುಡಿ ಹಾಡುವುದು ಅವನೇ. ತಮ್ಮ ಕೂಗಿಗಿಂತ ಮೇಲೆ ಕೇಳುವ ಹಾಗೆ ಹಾಡಲು ಅಕ್ಕ ನಮ್ಮೆಲ್ಲರಿಗೂ ದಿನಾ ಅಭ್ಯಾಸ ಮಾಡಿಸುತ್ತಿದ್ದಾಳೆ.

ತಾವು ನಿಮಿಷಕ್ಕೊಮ್ಮೆ ಕೆಂಪಗೆ ಕಣ್ಣು ಮಿಟುಕಿಸುವುದನ್ನು ಬಲ್ಲೆ. ಒಪ್ಪಿಗೆಯಿದ್ದರೆ ಎರಡು ಸಲ ಮಿಟುಕಿಸಿ. ಮಿಂಗೈಲೆ ದಿನಾ ಬಂದು ತಲೆಯೆತ್ತಿ ನೋಡಿ ಹೋಗುತ್ತಿದ್ದಾಳೆ. ಮದುವೆಯ ಹುಡುಗಿಗೆ ಕತ್ತು ನೋವು ಬರುವ ಮೊದಲು, ದಯವಿಟ್ಟು, ಬೇಗ ಉತ್ತರ ಬರೆಯಿರಿ.

ತಮ್ಮ ವಿಶ್ವಾಸಿ,
ಗಿರ್ವೀದಸ್
(‘ಕುಣಿತ ಮತ್ತು ಇತರ ಹವ್ಯಾಸ’ ವಿಭಾಗ, ನನಗೆ ಕುಣಿಯಲು ಬರುವುದಿಲ್ಲ)

ತಾ. ಕ.: ನಿನ್ನೆ ಸಂಜೆ ಪೆಟ್ರೋನೆಲೆ ಅಜ್ಜಿಗೆ ಮಂಡಿನೋವಿಗೆಂದು ಜೇನುಮೇಣದ ಮುಲಾಮು ಕೊಡಲು ಹೋಗಿದ್ದೆ. ಆಕೆ ಒಲೆಯ ಕೆಂಡಕ್ಕೆ ಬೂದಿ ಹೊದಿಸಿ, ಪಕ್ಕದಲ್ಲಿ ಬಟ್ಟಲು ನೀರಿಟ್ಟು, “ಮಲಗು ತಾಯಿ,” ಎನ್ನುತ್ತಿದ್ದರು. ಮಂಡಿ ಬಗ್ಗದ ತಾಯಿಗೆ ಬಟ್ಟಲು ಎತ್ತಿಕೊಟ್ಟವರು ಮಗಳು ಶ್ರೀಮತಿ ಲೈಮುತೆಯವರು. ಅವರಿಬ್ಬರನ್ನು ನಮೂನೆಯ ಯಾವ ವಿಭಾಗದಲ್ಲಿ ಬರೆದುಕೊಳ್ಳಬೇಕು ಎಂಬುದನ್ನು, ಮುಂದಿನ ಸಲ ಅವರು ಪೊರಕೆ ಹಿಡಿದು ಸ್ಟೂಲು ಹತ್ತಿದಾಗ, ತಾವೇ ಅವರ ಕಿವಿಯಲ್ಲಿ ಕೇಳಿ ತಿಳಿಸಬೇಕಾಗಿ ಪ್ರಾರ್ಥನೆ.