ನನ್ನ ಪಿಕಪ್ಪಿನ ಹಳೇ ಸೈಲೆನ್ಸರು

ಗಾಡಿ ಓಡಿಸುವವನ ಬಾಳಿನಲ್ಲಿ ನಗುವಂಥದ್ದು ನಡೆಯುವುದಕ್ಕೆ ಗಾಡಿ ಕೆಡಲೇಬೇಕೆಂದಿಲ್ಲ, ಒಮ್ಮೊಮ್ಮೆ ಸುಧಾರಿಸಿದರೂ ಸಾಕು. ನನ್ನದೊಂದು ಹಳೇ ಪಿಕಪ್. ಇಂಜೆಕ್ಷನ್ ಇಂಜಿನ್ನಿನ ಗಾಡಿಗಳು ಹೊಸದಾಗಿ ಬಂದ ಕಾಲದಲ್ಲಿ ಯಾರೋ ಕೊಂಡಿದ್ದರು, ಆಮೇಲೆ ನನ್ನ ಕೈಗೆ ಬಂತು. ಬೆಳಿಗ್ಗೆ ಮುಂಡರಗಿ ಕಡೆಯ ಕೊರ್ಲಹಳ್ಳಿಯಿಂದ ಕಾಯಿಪಲ್ಲೆ ತುಂಬಿಕೊಂಡು ಗದಗಿನ ಮಾರ್ಕೆಟ್ಟಿಗೆ, ಮಧ್ಯಾಹ್ನ ಬೆಟಗೇರಿಯ ಮನೆಯಲ್ಲಿ ಊಟ, ಆಮೇಲೆ ಶಿರಹಟ್ಟಿಯ ಅಂಗಡಿಗಳಿಗೆ ಕಿರಾಣಿ ಸಾಮಾನು. ಇದೇ ನನ್ನ ಹೊಟ್ಟೆಪಾಡು. ಇಷ್ಟನ್ನೂ ಒಂದು ಸೈಲೆನ್ಸರು ನಡೆಸಿಕೊಂಡು ಬಂದಿದೆ ಎಂಬುದು ಅದನ್ನು ಬಿಚ್ಚಿಸುವವರೆಗೂ ನನಗೆ ಗೊತ್ತಿರಲಿಲ್ಲ.

ಏರು

ಗಾಡಿ ಎಳೆಯುತ್ತಿರಲಿಲ್ಲ. ಕಪ್ಪತಗುಡ್ಡದ ಮಗ್ಗುಲಿನ ಏರು ಬಂದರೆ ಸಾಕು, ಎರಡನೇ ಗೇರಿಗೆ ಇಳಿದು, ಕರಿ ಹೊಗೆ ಕಾರುತ್ತ, ಒಡಕು ಸದ್ದು ಮಾಡುತ್ತ, ಮುದಿ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿತ್ತು. ಫಿಲ್ಟರ್ ಹೊಸದು ಹಾಕಿಸಿದೆ, ನೋಜಲ್ ತೊಳೆಸಿದೆ. ಕೊನೆಗೆ ಮುಂದಿನ ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ.

ಗದಗಿನ ಗ್ಯಾರೇಜಿನ ಮಿಸ್ತ್ರಿ ಗಾಡಿಯ ಕೆಳಗೆ ತೂರಿಕೊಂಡು ನೋಡಿ ಹೊರಗೆ ಬಂದ.

"ಅಣ್ಣಾರ, ಗಾಡಿಗೆ ದೃಷ್ಟಿ ತಾಗಿಲ್ಲ, ಮೂಗು ಕಟ್ಟೇತಿ. ಒಳಗ ಹೋದ ಗಾಳಿ ಹೊರಗ ಬರಾಕ ಹಾದಿನ ಇಲ್ಲ. ಇದ್ದಷ್ಟ ಹೊಗಿ ಸೈಲೆನ್ಸರಿನ ತೂತಿನಾಗ ಹೊಂಟೈತಿ."

ಹಳೇ ಸೈಲೆನ್ಸರನ್ನು ಬಿಚ್ಚಿ ಮೂಲೆಗೆ ಎಸೆದು, ಸೊಟ್ಟ ಕಡಿಮೆ ಇರುವ ಅಗಲದ ಪೈಪು ಹಾಕಿ, ತುದಿಗೆ ಹೊಳೆಯುವ ಹೊಸ ಸೈಲೆನ್ಸರ್ ಕೂರಿಸಿದ. ಅವತ್ತೇ ಬೇರೆ ಬಾಡಿಗೆಯ ಲೋಡು ಹೊತ್ತುಕೊಂಡು ಅದೇ ಏರಿಗೆ ಬಂದೆ. ಗಾಡಿ ಮೂರನೇ ಗೇರಿನಲ್ಲೇ ಹತ್ತಿತು. ಸದ್ದಿಲ್ಲ, ಹೊಗೆಯಿಲ್ಲ. ಹಿಂದಿನಿಂದ ಯಾರಾದರೂ ತಳ್ಳುತ್ತಿದ್ದಾರೇನೋ ಎಂದು ಕನ್ನಡಿಯಲ್ಲಿ ನೋಡಿಕೊಂಡೆ, ಯಾರೂ ಇರಲಿಲ್ಲ. ಮೇಲೆ ನಿಲ್ಲಿಸಿ, ಇಳಿದು ಹಿಂದಕ್ಕೆ ಹೋಗಿ, ದೇವರ ಪಾದ ಮುಟ್ಟುವ ಹಾಗೆ ಎರಡೂ ಕೈಯಿಂದ ಸೈಲೆನ್ಸರನ್ನು ಮುಟ್ಟಿದೆ. ಕಣ್ಣಿಗೆ ಒತ್ತಿಕೊಳ್ಳಬೇಕಾಗಿದ್ದ ಬೆರಳುಗಳು ನೆಟ್ಟಗೆ ಬಾಯಿಗೆ ಹೋದವು.

ಯಾರದೋ ಗಾಡಿ

ಮರುದಿನ ಬೆಳಿಗ್ಗೆ ಕೊರ್ಲಹಳ್ಳಿಯ ಹೊಲದ ದಾರಿಯಲ್ಲಿ ನಿಂತೆ. ದಿನಾ ನಾನು ನಿಲ್ಲುವುದರೊಳಗೆ ಬದನೆಕಾಯಿ ಚೀಲಗಳು ಸಾಲಾಗಿ ಬಂದು ಕೂತಿರುತ್ತಿದ್ದವು. ಅವತ್ತು ಒಂದೂ ಇಲ್ಲ. ಹಾರ್ನ್ ಹೊಡೆದೆ, ಯಾರೂ ಬರಲಿಲ್ಲ. ಇವತ್ತು ಮಾಲು ಇಲ್ಲವೇನೋ ಅಂದುಕೊಂಡು ಖಾಲಿ ಗಾಡಿ ತಿರುಗಿಸಿದೆ. ಅರ್ಧ ದಾರಿಯಲ್ಲಿ ಫೋನು ಬಂತು. ನದಿ ದಂಡೆಯ ತೋಟದ ಅಜ್ಜಿ.

"ಯಾಕೋ ತಮ್ಮಾ, ಇವತ್ತ ಬರಲೇ ಇಲ್ಲ?"

"ಬಂದಿದ್ನಿ ಅಜ್ಜಿ. ಹಾರ್ನ್ ಸೈತ ಹೊಡದ್ನಿ."

"ಹಾರ್ನ್ ಎಲ್ಲಾರೂ ಹೊಡಿತಾರ. ನಿನ್ನ ಗಾಡಿ ಸಪ್ಪಳ ಕೇಳಿಲ್ಲಲ್ಲ ನಾ. ಸುಳ್ಳ ಹೇಳಬ್ಯಾಡ."

ಆಗ ತಿಳಿಯಿತು. ನನ್ನ ಗಾಡಿ ದೂರದ ತಿರುವಿಗೆ ಬಂದಾಗಲೇ ಆ ಒಡಕು ಸದ್ದು ಹೊಲಕ್ಕೆ ಮುಟ್ಟುತ್ತಿತ್ತು. ಅಲ್ಲಿಯವರೆಗೂ ಗಿಡದಿಂದ ಕಾಯಿ ಕೀಳುತ್ತ ಇದ್ದು, ಸದ್ದು ಕೇಳಿದ ಮೇಲೆ ಚೀಲದ ಬಾಯಿ ಕಟ್ಟುತ್ತಿದ್ದರು. ನಾನು ಬಂದೆನೋ ಇಲ್ಲವೋ ಎಂದು ಯಾರೂ ಕಣ್ಣೆತ್ತಿ ನೋಡಿದವರೇ ಅಲ್ಲ. ಇಷ್ಟು ಕಿವಿಗಳು ದಿನಾ ನನ್ನ ದಾರಿ ಕಾಯುತ್ತಿದ್ದವು ಎಂದರೆ ನಂಬಲಿಕ್ಕಾಗಲಿಲ್ಲ. ಹಾಗೆಯೇ ಭಯವೂ ಆಯಿತು. ಇವರು ಚೀಲ ಕೊಡದಿದ್ದರೆ ಬೇರೆ ಗಾಡಿಯವರು ಹೊತ್ತೊಯ್ಯುತ್ತಾರೆ, ಆಮೇಲೆ ಈ ದಾರಿಯಲ್ಲಿ ನನಗೇನು ಕೆಲಸ?

ಮಾರನೆಯ ದಿನ ಗಾಡಿಯನ್ನು ಅಜ್ಜಿಯ ತೋಟದ ಬಾಯಿಗೇ ಒಯ್ದು ನಿಲ್ಲಿಸಿದೆ. ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು, "ಚಾಲೂ ಮಾಡು" ಅಂದಳು. ಮಾಡಿದೆ. ಕಣ್ಣು ಮುಚ್ಚಿ ಕೇಳಿದಳು.

"ಇದು ನಿನ್ನ ಗಾಡಿ ಅಲ್ಲ, ಯಾರದೋ ತಂದೀ. ನಿಂದ ತಗೊಂಡ ಬಾ, ಚೀಲ ಕೊಡ್ತೀನಿ."

ಸಾಹುಕಾರರ ನಿದ್ದೆ

ಶಿರಹಟ್ಟಿಯಲ್ಲಿ ಒಬ್ಬ ಕಿರಾಣಿ ಸಾಹುಕಾರರು. ಉಂಡು ಬಂದು ಗಾದಿಯ ಮೇಲೆ ಒರಗಿದರೆ ನಾನು ಹೋಗುವವರೆಗೂ ಗಾಢ ನಿದ್ದೆ. ನನ್ನ ಗಾಡಿಯ ಸದ್ದು ಓಣಿ ಹೊಕ್ಕರೆ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಇಷ್ಟೊತ್ತೂ ವ್ಯಾಪಾರ ಮಾಡುತ್ತಲೇ ಇದ್ದವರ ಹಾಗೆ ಕೂರುತ್ತಿದ್ದರು.

ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಹೋದರೆ ಅವರು ಏಳಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ, ಅಷ್ಟು ಚಂದದ ಗೊರಕೆ. ಹಮಾಲರು ಸಕ್ಕರೆ ಚೀಲ, ಬೇಳೆ ಚೀಲ ಇಳಿಸಿ ಅವರ ಸುತ್ತಲೇ ಒಟ್ಟಿದರು. ನಾನು ಊರು ದಾಟಿದ ಮೇಲೆ ಫೋನು ಬಂತು.

"ಏನ್ರೀ, ಹೊತ್ತ ಇಳೀತು, ಇನ್ನೂ ಮಾಲ ಇಲ್ಲ. ಗಿರಾಕಿಗೆ ಏನ ಹೇಳ್ಲಿ ನಾ?"

"ಸಾಹುಕಾರ್ರ, ಈಗ ಎಲ್ಲಿ ಕುಂತೀರಿ?"

"ಅಂಗಡ್ಯಾಗ. ಚೀಲಕ್ಕ ಬೆನ್ನ ಹಚ್ಚಿ ಕುಂತೇನಿ."

"ಆ ಚೀಲ ಯಾವಾಗ ಬಂತ್ರಿ?"

ಆ ಕಡೆ ಚೀಲ ತಟ್ಟಿ ನೋಡಿದ ಸದ್ದು ಕೇಳಿತು. ಆಮೇಲೆ ಬಹಳ ಗಂಭೀರವಾಗಿ, "ಇರ್ಲಿ ಬಿಡ್ರಿ, ಗಿರಾಕಿ ಬಂದಾನ" ಅಂದರು. ಹಿಂದಿನಿಂದ ಗಿರಾಕಿಯ ದನಿ ಕೇಳಿಸಿತು: "ನಾ ಬಂದ ಭಾಳ ಹೊತ್ತಾತ್ರೀ, ನೀವು ಈಗ ಎದ್ರಿ."

ಬಿಸಿ ರೊಟ್ಟಿ

ನನ್ನ ಹೆಂಡತಿಯ ಕೈಯ ಜೋಳದ ರೊಟ್ಟಿ ನಾನು ಯಾವಾಗ ಹೋದರೂ ಹಂಚಿನಿಂದ ಆಗಷ್ಟೇ ಇಳಿದಿರುತ್ತದೆ. ಒಂದು ದಿನ ಜಲ್ದಿ, ಒಂದು ದಿನ ತಡ, ನನ್ನ ಕೆಲಸಕ್ಕೆ ಹೊತ್ತು ಗೊತ್ತಿಲ್ಲ. ಆದರೂ ತಾಟಿನ ಮುಂದೆ ಕೂತರೆ ಉಬ್ಬಿದ ರೊಟ್ಟಿ. ಇದು ನನ್ನ ಪುಣ್ಯ ಎಂದೇ ತಿಳಿದಿದ್ದೆ, ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ.

ಹೊಸ ಸೈಲೆನ್ಸರ್ ಬಂದ ಮೇಲೆ ರೊಟ್ಟಿ ತಣ್ಣಗಾದವು. ಎರಡು ಮೂರು ದಿನ ಸುಮ್ಮನೆ ತಿಂದೆ. ಕೊನೆಗೆ ತಡೆಯದೆ ಕೇಳಿದೆ, "ನನ್ನ ಮ್ಯಾಲ ಸಿಟ್ಟ ಏನ?"

"ಸಿಟ್ಟ ಯಾಕ್ರೀ? ನೀವು ಕಳ್ಳನಂಗ ಬಂದ ನಿಂತ್ರ ನಾ ರೊಟ್ಟಿ ಯಾವಾಗ ಹಾಕ್ಲಿ? ಮೊದಲ ಹಂಗಲ್ಲ. ಗಾಡಿ ನೀರಿನ ಟಾಕಿ ಕಡೆ ಹೊಳ್ಳಿತಂದ್ರ ಹಂಚಿನ ಮ್ಯಾಲ ಹಾಕ್ತಿದ್ನಿ. ನೀವು ಕೈಕಾಲ ತೊಳಕೊಳ್ಳೂದರಾಗ ಬೇಯ್ತಿತ್ತು."

ನಾನು ದಂಗಾದೆ. ನಮ್ಮ ಓಣಿಯ ಎರಡೂ ಬದಿಗೆ ಮಗ್ಗ. ಹಗಲೆಲ್ಲ ಖಟಖಟ ಸದ್ದು, ಪಕ್ಕದಲ್ಲಿ ನಿಂತವನ ಮಾತು ಕೇಳುವುದಿಲ್ಲ.

"ಇಷ್ಟು ಗದ್ದಲದಾಗ ನಿನಗ ನನ್ನ ಗಾಡಿ ಹೆಂಗ ಕೇಳ್ತತಿ?"

"ಮಗ್ಗ ಊರಂದು. ಗಾಡಿ ನಮ್ಮದಲ್ಲೇನ್ರಿ?" ಅಂದು ಹಿಟ್ಟಿನ ಕೈ ತೊಳೆಯಲು ಎದ್ದಳು.

ಇಷ್ಟು ವರ್ಷ ಒಬ್ಬಳು ನನಗಾಗಿ ಹೀಗೆ ಕಿವಿಗೊಟ್ಟು ಕೂತಿದ್ದಾಳೆ, ನಾನು ಅದನ್ನು ಪುಣ್ಯ ಅಂದುಕೊಂಡು ತಿಂದುಬಿಟ್ಟೆ. ಪುಣ್ಯ ಅಲ್ಲ, ಸೈಲೆನ್ಸರಿನ ತೂತು.

ತೂತಿನ ಬೆಲೆ

ಏರಿನಲ್ಲಿ ಮತ್ತೆ ಎರಡನೇ ಗೇರಾದರೂ ಆಗಲಿ, ಹಳೆಯದೇ ಬೇಕು ಎಂದು ನಿಶ್ಚಯಿಸಿ ಮಿಸ್ತ್ರಿಯ ಹತ್ತಿರ ಹೋದೆ.

"ಹೋತಲ್ರೀ ಅದು. ಲಕ್ಷ್ಮೇಶ್ವರದಾವ ಒಬ್ಬಾಂವ ಮನಿ ಕಟ್ಟೂ ಇಟ್ಟಂಗಿ ಸಾಗಸ್ತಾನ, ನಿಮ್ಮಂಥಾದ ಗಾಡಿ. ಅವಂದು ಹಾದ್ಯಾಗ ಕಳಚಿ ಬಿದ್ದಿತ್ತು. ಜಾಡಿಸಿ ಅವಗ ಹಾಕಿ ಕೊಟ್ಟೆ."

"ಹಂಗಾರ ಹೊಸಾದಕ್ಕ ಒಂದ ತೂತರೆ ಹಾಕಿ ಕೊಡು."

ಮಿಸ್ತ್ರಿ ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. "ತೂತು ಮುಚ್ಚಸಾಕ ಬಂದಾವ್ರನ್ನ ನೋಡೀನಿ. ಹಾಕಸಾಕ ಬಂದಾವ್ರು ನೀವೊಬ್ರ. ಮೊದಲ ಮನಿಗೆ ಹೋಗಿ ತಣ್ಣಗ ಉಂಡ ಬರ್ರಿ."

ತಣ್ಣಗೆ ಉಣ್ಣುವುದೇ ತಾನೆ ನನ್ನ ಕಷ್ಟ. ಮನೆಗೆ ಬಂದೆ. ಬಾಗಿಲಲ್ಲಿ ನನ್ನಂಥದೇ ಒಂದು ಪಿಕಪ್. ತುಂಬ ಇಟ್ಟಿಗೆ, ಇಟ್ಟಿಗೆಯ ಮೇಲೆ ಬದನೆಕಾಯಿ ಚೀಲಗಳು. ಒಳಗೆ ನನ್ನ ಮಣೆಯ ಮೇಲೆ, ನನ್ನ ತಾಟಿನಲ್ಲಿ, ಗುರುತಿಲ್ಲದ ಒಬ್ಬ ಮನುಷ್ಯ ಉಬ್ಬಿದ ಬಿಸಿ ರೊಟ್ಟಿ ಮುರಿಯುತ್ತಿದ್ದ.

ಹೆಂಡತಿ ಮೆಲ್ಲಗೆ ಅಂದಳು, "ಸಪ್ಪಳ ಕೇಳಿ ರೊಟ್ಟಿ ಹಾಕಿದ್ನಿ. ಬಾಗಲಾ ತಗದ್ರ ಈ ಅಣ್ಣಾರು. ರೊಟ್ಟಿ ಆರ್ತತಿ ಅಂತ ಬಡಿಸಿಬಿಟ್ಟೆ."

ಆತ ಎಡಗೈಯನ್ನು ಎದೆಗಿಟ್ಟು ನಮಸ್ಕಾರ ಮಾಡಿದ. "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಕೊರ್ಲಹಳ್ಳಿಗೆ ಇಟ್ಟಂಗಿ ತರಾಕ ಹೋಗಿದ್ನಿ. ಹೊಲದಾಗಿಂದ ಮಂದಿ ಓಡಿ ಬಂದ್ರು, ಕೇಳಲಿಲ್ಲ ಬಿಡಲಿಲ್ಲ, ಚೀಲ ಹೇರಿಬಿಟ್ರು. ಒಬ್ಬಾಕಿ ಅಜ್ಜಿ, ‘ಇಷ್ಟ ದಿನ ಎಲ್ಲಿ ಸತ್ತಿದ್ಯೋ’ ಅಂತ ಬೈದ್ಲು. ‘ಅಜ್ಜಿ, ನಾ ಅಂವ ಅಲ್ಲ, ಬ್ಯಾರೆ’ ಅಂದ್ನಿ. ಮಾರಿ ನೋಡಿ, ‘ಬ್ಯಾರೆ ಏನಿಲ್ಲ, ಸ್ವಲ್ಪ ಸೊರಗೀ ಅಷ್ಟ’ ಅಂದ್ಲು. ಸಪ್ಪಳಕ್ಕ ಮೋಸ ಹೋಗ್ಯಾರ ಅಂತ ತಿಳೀತು. ಈ ಸೈಲೆನ್ಸರ್ ಹಾಕಿದ ಮಿಸ್ತ್ರಿಗೆ ಫೋನ್ ಹಚ್ಚಿ ನಿಮ್ಮ ಮನಿ ಕೇಳಿಕೊಂಡ ಚೀಲ ಮುಟ್ಟಸಾಕ ಬಂದೆ."

ನನಗೆ ಜೀವ ಬಂದಂತಾಯಿತು. ಚೀಲ ಉಳಿದವು, ದಾರಿಯೂ ಉಳಿದೀತು. ಅವನ ಎದುರಿಗೆ ಕೂತು ಕೈ ಹಿಡಿದುಕೊಂಡೆ.

"ತಮ್ಮಾ, ನನ್ನ ಹೊಸಾ ಸೈಲೆನ್ಸರ್ ನೀ ತಗೋ. ಹೊಳಿತತಿ, ಏರಿನಾಗ ಮೂರನೇ ಗೇರು. ಮ್ಯಾಲ ಒಂದ ರೂಪಾಯಿ ಬ್ಯಾಡ. ನನ್ನ ಹಳೇದ ನನಗ ಕೊಡು."

ಅವನು ಬದನೆಕಾಯಿಯ ಎಣಗಾಯಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಅಡುಗೆಮನೆಯ ಕಡೆ ಒಮ್ಮೆ ನೋಡಿದ.

"ಕೊಡಬಹುದಿತ್ರೀ ಅಣ್ಣಾರ. ಆದ್ರ ಅದನ್ನ ಬಿಚ್ಚಿದಮ್ಯಾಗ, ನಾ ಊಟಕ್ಕ ಬಂದದ್ದು ಅಕ್ಕಾರಿಗೆ ಹೆಂಗ ಗೊತ್ತಾಗಬೇಕು?"